ಹಳೆ ಕೋಳಿಗಳ ಜೊತೆ ಹೊಸ ಹೇಂಟೆ: ಸೇರಿಸುವುದು ಹೇಗೆ?

ಸಂತೆಯಿಂದ ಹೇಂಟೆ ತಂದರೆ ನಮ್ಮ ಕಲಬುರಗಿ ಕಡೆ ಸಾಮಾನ್ಯವಾಗಿ ಮಾಡುವುದು ಹೀಗೆ: ಸಂಜೆ ತನಕ ಬುಟ್ಟಿ ಮುಚ್ಚಿಡುತ್ತಾರೆ, ಕತ್ತಲಾದ ಮೇಲೆ ಗೂಡಿನೊಳಗೆ ಬಿಡುತ್ತಾರೆ. ಕತ್ತಲಲ್ಲಿ ಕೋಳಿಗೆ ಸರಿಯಾಗಿ ಕಣ್ಣು ಕಾಣುವುದಿಲ್ಲ, ಹಾಗಾಗಿ ರಾತ್ರಿ ಬಿಡುವುದು ಒಳ್ಳೆಯ ರೂಢಿಯೇ. ಆದರೆ ತಂದ ದಿನವೇ ಬಿಡಬೇಡಿ. ಜಗಳವಾದರೆ ಒಂದು ಕೋಳಿಗೆ ಗಾಯವಾದೀತು. ಕೋಳಿಯಿಂದ ಕೋಳಿಗೆ ಬೇಗ ಹರಡುವ ಕೊಕ್ಕರೆ ರೋಗ (ರಾಣಿಖೇತ್) ಹೊಕ್ಕರೆ ಗೂಡೇ ಖಾಲಿ.

ಮೊದಲು ಬೇರೆ ಇಡಿ

ಹೊಸ ಕೋಳಿಯನ್ನು ಮನೆಯ ಇನ್ನೊಂದು ಬದಿಯಲ್ಲಿ, ಹಳೆಯವುಗಳಿಂದ ಆದಷ್ಟು ದೂರ ಇಡಿ. ಒಂದು ತಿಂಗಳು ಇಟ್ಟರೆ ಒಳ್ಳೆಯದು, ಮೂರು ವಾರಕ್ಕಿಂತ ಕಡಿಮೆ ಬೇಡ. ಕೊಕ್ಕರೆ ರೋಗ ತಗುಲಿದ ಕೋಳಿಯಲ್ಲಿ ಲಕ್ಷಣ ಕಾಣಲು 2ರಿಂದ 15 ದಿನ ಬೇಕಾಗಬಹುದು. ಸಂತೆಯಲ್ಲಿ ಚುರುಕಾಗಿದ್ದ ಕೋಳಿ ಮನೆಗೆ ಬಂದ ವಾರಕ್ಕೆ ಕುತ್ತಿಗೆ ತಿರುಚುವುದು ಇದಕ್ಕೇ. ಹಸಿರು ನೀರಿನಂಥ ಹಿಕ್ಕೆ, ಬಾಯಿ ತೆರೆದು ಉಸಿರಾಡುವುದು, ರೆಕ್ಕೆ ಜೋತು ಬೀಳುವುದು ಕಂಡರೆ ಪಶು ಆಸ್ಪತ್ರೆಗೆ ತಿಳಿಸಿ.

ಕಾಳು, ನೀರು ಯಾವಾಗಲೂ ಹಳೆ ಕೋಳಿಗಳಿಗೆ ಮೊದಲು, ಹೊಸದಕ್ಕೆ ಆಮೇಲೆ. ಕೈ ತೊಳೆಯಿರಿ, ಚಪ್ಪಲಿಯನ್ನೂ ತೊಳೆಯಿರಿ. ರೋಗ ಚಪ್ಪಲಿಗೆ ಅಂಟಿದ ಹಿಕ್ಕೆಯಲ್ಲೂ ಬರುತ್ತದೆ.

ಮೊದಲ ದಿನವೇ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂಬದಿಯ ಗರಿ ಸರಿಸಿ, ಮೊಬೈಲ್ ಟಾರ್ಚ್ ಹಾಕಿ ನೋಡಿ. ಗರಿಯ ಬುಡದಲ್ಲಿ ಬಿಳಿ ಗಂಟುಗಳು ಅಂಟಿಕೊಂಡಿದ್ದರೆ ಅವು ಹೇನಿನ ಮೊಟ್ಟೆ. ಕಾಲಿನ ಹುರುಪೆ ಎದ್ದು ನಿಂತಿದ್ದರೆ ಅಲ್ಲಿ ನುಸಿ ಸೇರಿದೆ. ಎರಡಕ್ಕೂ ಪಶುವೈದ್ಯರನ್ನು ಕೇಳಿ ಔಷಧ ಹಾಕಿ. ಹೊಲಕ್ಕೆ ಹೊಡೆಯುವ ಔಷಧವನ್ನು ಕೋಳಿಗೆ ಹಚ್ಚಲೇಬೇಡಿ.

ಲಸಿಕೆಯ ಮಾತು ಇಲ್ಲೇ ಹೇಳಬೇಕು. ಎಂಟು ವಾರ ದಾಟಿದ ಕೋಳಿಗೆ ಕೊಕ್ಕರೆ ರೋಗಕ್ಕೆ ಆರ್‌2ಬಿ ಲಸಿಕೆ ಹಾಕುತ್ತಾರೆ. ಒಂದು ಬಾಟಲಿ ಹತ್ತಾರು ಕೋಳಿಗಳಿಗೆ ಆಗುತ್ತದೆ, ಕಲಸಿದ ಮೇಲೆ ಇಟ್ಟುಕೊಳ್ಳಲು ಬರುವುದಿಲ್ಲ. ಅದಕ್ಕೆ ಓಣಿಯವರೆಲ್ಲ ಮಾತಾಡಿಕೊಂಡು ಒಂದೇ ದಿನ ಎಲ್ಲರ ಕೋಳಿಗೂ ಹಾಕಿಸುವುದು ಜಾಣತನ. ನಿಮ್ಮ ಕೋಳಿ ಪಕ್ಕದ ಮನೆಯ ತಿಪ್ಪೆ ಕೆದರಲು ಹೋಗುತ್ತದೆ ಅಲ್ವಾ?

ಆಮೇಲೆ ಜಾಲರಿ

ರೋಗದ ಭಯ ಕಳೆದ ಮೇಲೆ ಹೊಸ ಹೇಂಟೆಯನ್ನು ಹಳೆಯವುಗಳ ಪಕ್ಕಕ್ಕೇ ತನ್ನಿ. ನಡುವೆ ತಂತಿ ಜಾಲರಿ ಇರಲಿ. ಒಂದು ವಾರ ನೋಡಲಿ, ಕೂಗಾಡಲಿ, ಜಾಲರಿಗೆ ಕುಟುಕಲಿ. ಜಾಲರಿಯ ಎರಡೂ ಬದಿಗೆ ಹತ್ತಿರದಲ್ಲೇ ಜೋಳದ ನುಚ್ಚು ಚೆಲ್ಲಿ. ಮೊದಲ ದಿನ ಹಳೆ ಕೋಳಿಗಳ ಯಜಮಾನಿ ಕುತ್ತಿಗೆಯ ಗರಿ ಉಬ್ಬಿಸಿಕೊಂಡು ಅಲ್ಲೇ ನಿಲ್ಲುತ್ತಾಳೆ, ಕಾಳನ್ನೂ ಮುಟ್ಟುವುದಿಲ್ಲ. ಅವಳು ಹೊಸಬಳ ಕಡೆ ಬೆನ್ನು ಹಾಕಿ ಸುಮ್ನೆ ಕೆದರುತ್ತಾ ಕಾಳು ತಿಂದಳು ಅಂದರೆ ಜಾಲರಿ ತೆಗೆಯುವ ಕಾಲ ಬಂತು.

ಸಾಧ್ಯವಾದರೆ ಒಂದೇ ಕೋಳಿ ತರಬೇಡಿ, ಎರಡು ತನ್ನಿ. ಕುಟುಕು ಹಂಚಿಹೋಗುತ್ತದೆ. ಎಳೆ ಮರಿಯನ್ನು ದೊಡ್ಡವುಗಳ ನಡುವೆ ಬಿಡಬೇಡಿ, ಮೈ ಬೆಳೆಯುವ ತನಕ ಕಾಯಿರಿ. ದೊಡ್ಡ ಮೈಯ ಗಿರಿರಾಜ ತಳಿಯ ಕೋಳಿಗಳಿರುವ ಹಿತ್ತಲಿಗೆ ಸಣ್ಣ ಜವಾರಿ ಹೇಂಟೆ ಬಂದರೆ ಇನ್ನೂ ಹೆಚ್ಚು ನಿಗಾ ಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಲ್ಲಿ ಈ ಕೆಲಸ ಬೇಡ. ನಮ್ಮ ಬಿಸಿಲಿಗೆ ಕೋಳಿ ಮೊದಲೇ ಏದುತ್ತಿರುತ್ತದೆ, ಅದರ ಮೇಲೆ ಅಟ್ಟಾಡಿಸಿದರೆ ತಡೆಯುವುದಿಲ್ಲ.

ಕೂಡಿಸುವ ದಿನ

ರಾತ್ರಿ ಹಳೆ ಕೋಳಿಗಳ ಪಕ್ಕ ಕೂರಿಸಿ. ಬೆಳಗಾಗುವ ಮೊದಲೇ ಎದ್ದು ಗೂಡಿನ ಬಾಗಿಲು ತೆಗೆಯಿರಿ, ಇದನ್ನು ಮರೆಯಬೇಡಿ. ಇಕ್ಕಟ್ಟಿನಲ್ಲಿ ಓಡಲು ಜಾಗವಿಲ್ಲದಾಗಲೇ ಕೋಳಿಗೆ ಹೆಚ್ಚು ಪೆಟ್ಟಾಗುವುದು.

ಅಂಗಳದಲ್ಲಿ ನೀರು, ಕಾಳು ಎರಡು ಮೂರು ಕಡೆ ದೂರ ದೂರ ಇಡಿ. ಒಡೆದ ಶಹಾಬಾದಿ ಫರಸಿ (ಹಾಸುಗಲ್ಲು) ಇದ್ದರೆ ಗೋಡೆಗೆ ಓರೆಯಾಗಿ ಆನಿಸಿ. ಹಿಂದೆ ಅವಿತುಕೊಳ್ಳಲು ಜಾಗವಾಗುತ್ತದೆ, ನೆರಳೂ ಸಿಗುತ್ತದೆ. ಎರಡೂ ತುದಿ ತೆರೆದಿರಲಿ, ಇಲ್ಲದಿದ್ದರೆ ಒಳಗೆ ಸಿಕ್ಕಿಬೀಳುತ್ತದೆ. ಪುಂಡಿ ಸೊಪ್ಪಿನ ಕಟ್ಟನ್ನು ಕೋಳಿಗೆ ಎಟಕುವಷ್ಟು ಎತ್ತರದಲ್ಲಿ ತೂಗುಹಾಕಿ, ಅದನ್ನು ಕಿತ್ತು ತಿನ್ನುವುದರಲ್ಲೇ ಹೊತ್ತು ಹೋಗುತ್ತದೆ.

ಒಂದೆರಡು ಕುಟುಕು, ಸ್ವಲ್ಪ ಅಟ್ಟಾಡಿಸುವುದು ಇದ್ದೇ ಇರುತ್ತದೆ. ಯಾರು ಮೇಲು, ಯಾರು ಕೆಳಗೆ ಎಂದು ಅವೇ ತೀರ್ಮಾನ ಮಾಡಿಕೊಳ್ಳಬೇಕು. ಪ್ರತಿ ಸಲ ನಡುವೆ ಹೋದರೆ ಜಗಳ ಮುಗಿಯುವುದೇ ಇಲ್ಲ. ಆದರೆ ರಕ್ತ ಕಂಡರೆ ಒಂದು ನಿಮಿಷವೂ ಕಾಯಬೇಡಿ. ಕೆಂಪು ಕಂಡಲ್ಲಿ ಎಲ್ಲ ಕೋಳಿಗಳೂ ಕುಟುಕುತ್ತವೆ. ಗಾಯವಾದದ್ದನ್ನು ಬೇರೆ ಇಟ್ಟು, ತೊಳೆದು, ಅರಿಶಿಣ ಹಚ್ಚಿ, ಪೂರ್ತಿ ಒಣಗಿದ ಮೇಲಷ್ಟೇ ಬಿಡಿ.

ಸಂಜೆ ಹೊಸ ಹೇಂಟೆಯ ಕುತ್ತಿಗೆ ಬುಡದಲ್ಲಿರುವ ಮೇವುಚೀಲ ಮುಟ್ಟಿ ನೋಡಿ. ತುಂಬಿದ್ದರೆ ಅದಕ್ಕೂ ಕಾಳು ಸಿಗುತ್ತಿದೆ. ಖಾಲಿಯಿದ್ದರೆ ಯಾರೋ ತಿನ್ನಲು ಬಿಡುತ್ತಿಲ್ಲ. ಒಂದೇ ಕೋಳಿ ದಿನವಿಡೀ ಕಾಡುತ್ತಿದ್ದರೆ ಹೊಸದನ್ನು ತೆಗೆಯಬೇಡಿ, ಕಾಡುವುದನ್ನೇ ಮೂರು ನಾಲ್ಕು ದಿನ ಬೇರೆ ಇಡಿ. ಅದು ತಿರುಗಿ ಬರುವಷ್ಟರಲ್ಲಿ ಉಳಿದವು ಹೊಂದಿಕೊಂಡಿರುತ್ತವೆ, ಅದರ ಜೋರೂ ತಗ್ಗುತ್ತದೆ. ಈ ಗಲಾಟೆಯಲ್ಲಿ ಕೆಲವು ದಿನ ಮೊಟ್ಟೆ ನಿಲ್ಲಬಹುದು, ಹೊಸದು ಹಳೆಯದು ಎರಡೂ. ಅದಕ್ಕೆ ಔಷಧ ಬೇಡ. ಒಂದೆರಡು ವಾರ ಬಿಟ್ಟು ಮತ್ತೆ ಇಡುತ್ತವೆ.