ಸಂಧಿವಾತದ ಟ್ರಯಲ್: ಏನನ್ನು ಅಳೆಯಬೇಕು, ಹೇಗೆ ಅಳೆಯಬೇಕು

ಸಿನಾಪ್ಸಿಸ್, ಅಂದರೆ ಪ್ರಬಂಧದ ಯೋಜನೆ, ಬರೆಯುವ ಕಾಲ ಬಂತೆಂದರೆ ವೈದ್ಯಕೀಯ ಪಿಜಿ ವಿದ್ಯಾರ್ಥಿಗಳು ನನ್ನ ಮೇಜಿನ ಮುಂದೆ ಕೂತು, ‘ಮೇಡಂ, ಸ್ಯಾಂಪಲ್ ಸೈಜ್ ಎಷ್ಟು ಬರುತ್ತೆ?’ ಅಂತ, ಅಂದರೆ ಎಷ್ಟು ರೋಗಿಗಳು ಬೇಕು ಅಂತ ಕೇಳುತ್ತಾರೆ. ಔಷಧ ಕೆಲಸ ಮಾಡಿತು ಅಂತ ಯಾವುದನ್ನು ನೋಡಿ ಹೇಳ್ತೀರಿ ಎಂಬುದು ಗೊತ್ತಾಗದೆ ಸ್ಟೆಟಿಸ್ಟಿಷಿಯನ್ ಆದ ನಾನು ಆ ಲೆಕ್ಕ ಹಾಕಲಾರೆ. ರುಮಟಾಯ್ಡ್ ಆರ್ಥ್ರೈಟಿಸ್‌, ಅಂದರೆ ಇಲ್ಲಿ ಹೇಳುತ್ತಿರುವ ಸಂಧಿವಾತದ ಮೇಲೆ ಔಷಧದ ಟ್ರಯಲ್ ಮಾಡುವವರಿಗಂತೂ ಇದಕ್ಕೆ ಸಿದ್ಧ ಉತ್ತರವೇ ಇದೆ. ‘ನೋವು ಕಡಿಮೆ, ಮಧ್ಯಮ, ಜಾಸ್ತಿ’ ಎಂದು ನಿಮ್ಮದೇ ಅಳತೆ ಕಟ್ಟಿಕೊಳ್ಳಬೇಡಿ. ಅಂಥ ಫಲಿತಾಂಶವನ್ನು ಬೇರೆಯವರದರ ಜೊತೆ ಕೂಡಿಸಲು ಬರುವುದಿಲ್ಲ, ಹಲವು ಟ್ರಯಲ್‌ಗಳನ್ನು ಒಟ್ಟುಗೂಡಿಸಿ ನೋಡುವ ಮೆಟಾ ಅನಾಲಿಸಿಸ್‌ನಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ. ಊದಿದ ಮೊಣಕಾಲಲ್ಲಿ ಬಸ್ ಹತ್ತಿ ಬಂದು ಪರೀಕ್ಷೆಗೆ ರಕ್ತ ಕೊಟ್ಟ ರೋಗಿಗಳಿಗೆ ಅದು ದೊಡ್ಡ ಅನ್ಯಾಯ.

ಮೊದಲು ಕಾಮೆಟ್ ಡೇಟಾಬೇಸ್ ತೆರೆಯಿರಿ. ಯಾವ ಕಾಯಿಲೆಯ ಟ್ರಯಲ್‌ನಲ್ಲಿ ಕನಿಷ್ಠ ಏನೇನು ಅಳೆಯಲೇಬೇಕು ಎಂಬ ‘ಕೋರ್ ಔಟ್‌ಕಮ್ ಸೆಟ್’ಗಳನ್ನು 2010ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಈ ಯೋಜನೆ ಒಂದೆಡೆ ಕಲೆಹಾಕಿ ಉಚಿತವಾಗಿ ಕೊಡುತ್ತದೆ. ಸಂಧಿವಾತದ ಸಂಶೋಧಕರು ಇದರಲ್ಲಿ ಬಹಳ ಮುಂದಿದ್ದಾರೆ. 1992ರಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್‌ನಲ್ಲಿ ಓಮೆರ್ಯಾಕ್ಟ್ ಎಂಬ, ಸಂಧಿವಾತದ ಟ್ರಯಲ್‌ಗಳಲ್ಲಿ ಏನು ಅಳೆಯಬೇಕು ಎಂದು ಚರ್ಚಿಸುವ ಸಭೆ ಸೇರಿತು. ಒಂದೆರಡು ವರ್ಷದಲ್ಲೇ ಪಟ್ಟಿ ಸಿದ್ಧವಾಯಿತು. ಒತ್ತಿದರೆ ನೋಯುವ ಕೀಲುಗಳು, ಊದಿದ ಕೀಲುಗಳು, ನೋವು, ರೋಗಿಯ ಒಟ್ಟಾರೆ ಅಂದಾಜು, ವೈದ್ಯರ ಒಟ್ಟಾರೆ ಅಂದಾಜು, ದಿನದ ಕೆಲಸ ಮಾಡುವ ಶಕ್ತಿ, ಉರಿಯೂತ ತೋರಿಸುವ ರಕ್ತಪರೀಕ್ಷೆ (ಇಎಸ್‌ಆರ್ ಅಥವಾ ಸಿಆರ್‌ಪಿ). ಟ್ರಯಲ್ ವರ್ಷ ದಾಟಿದರೆ ಎಕ್ಸ್‌ರೇ ಕೂಡ. ಇದರಲ್ಲಿ ಸುಸ್ತು ಇರಲಿಲ್ಲ. 2002ರ ಸಭೆಗೆ ರೋಗಿಗಳನ್ನೂ ಕರೆದಾಗ ಅವರು ಆ ಮಾತೆತ್ತಿದರು, ಮುಂದೆ ಅದನ್ನೂ ಅಳೆಯಬೇಕೆಂಬ ಒಪ್ಪಿಗೆ ಬಂತು. ನೀವೂ ಅಳೆಯಿರಿ.

ಪ್ರೈಮರಿ ಔಟ್‌ಕಮ್, ಅಂದರೆ ಔಷಧ ಗೆದ್ದಿತೇ ಎಂದು ತೀರ್ಮಾನಿಸುವ ಮುಖ್ಯ ಅಳತೆ, ಒಂದೇ ಇರಲಿ. ರೋಗಿ ಸುಧಾರಿಸಿದರೇ ಎಂದು ಹೇಳುವ ಎಸಿಆರ್20 ಎಂಬ ಅಳತೆ ಆದರೆ, ನೋಯುವ ಮತ್ತು ಊದಿದ ಕೀಲುಗಳೆರಡೂ ಕನಿಷ್ಠ ಶೇ 20ರಷ್ಟು ಕಡಿಮೆಯಾಗಿ, ಉಳಿದ ಐದರಲ್ಲಿ (ನೋವು, ಎರಡು ಅಂದಾಜು, ಕೆಲಸದ ಶಕ್ತಿ, ರಕ್ತಪರೀಕ್ಷೆ) ಕನಿಷ್ಠ ಮೂರು ಅಷ್ಟೇ ಸುಧಾರಿಸಿರಬೇಕು. ಯಾವ ವಾರದಲ್ಲಿ ನೋಡುತ್ತೀರಿ ಎಂಬುದನ್ನೂ ಬರೆಯಿರಿ.

ಇನ್ನು ಅಳೆಯುವ ಕೆಲಸ. ಕೆಡುವುದು ಹೆಚ್ಚಾಗಿ ಇಲ್ಲೇ. 28 ಕೀಲುಗಳನ್ನು ನೋಡಿ ರೋಗದ ತೀವ್ರತೆ ಹೇಳುವ ಡಿಎಎಸ್28 ಲೆಕ್ಕಕ್ಕೆ ಭುಜ, ಮೊಣಕೈ, ಮಣಿಕಟ್ಟು, ಮೊಣಕಾಲು ಮತ್ತು ಕೈಬೆರಳ ಕೀಲುಗಳು ಸಾಕು, ಪಾದ ಬರುವುದಿಲ್ಲ. ಒಬ್ಬ ರೋಗಿಯ ಕೀಲುಗಳನ್ನು ಪ್ರತಿ ಭೇಟಿಯಲ್ಲೂ ಒಬ್ಬರೇ ಎಣಿಸಲಿ, ಅವರಿಗೆ ರೋಗಿ ಯಾವ ಗುಂಪಿನವರು ಎಂದು ತಿಳಿಯದಿರಲಿ. ಬೆಳಗಿನ ಬಿಗಿತ ಹೊತ್ತೇರಿದಂತೆ ಸಡಿಲವಾಗುವುದರಿಂದ ಭೇಟಿಯ ಸಮಯವೂ ಒಂದೇ ಇರಲಿ. ನೋವೆಷ್ಟು ಎಂದು ರೋಗಿ ಗುರುತು ಹಾಕುವ ಗೆರೆ 100 ಮಿಲಿಮೀಟರ್ ಇರಬೇಕು. ಜೆರಾಕ್ಸ್‌ನ ಜೆರಾಕ್ಸ್ ತೆಗೆಯುತ್ತಾ ಹೋದರೆ ಅದರ ಉದ್ದ ಬದಲಾಗುತ್ತದೆ. ಪ್ರತಿ ಕಟ್ಟಿನಿಂದ ಒಂದು ಹಾಳೆ ತೆಗೆದು ಸ್ಕೇಲ್ ಇಟ್ಟು ನೋಡಿ. ರೋಗಿ ತುಂಬುವ ಹಾಳೆಗಳೆಲ್ಲ ಡಾಕ್ಟರನ್ನು ಕಾಣುವ ಮುಂಚೆಯೇ ಮುಗಿಯಲಿ. ‘ಇಎಸ್‌ಆರ್ ಚೆನ್ನಾಗಿ ಇಳಿದಿದೆಯಮ್ಮಾ’ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಗುರುತು ಹಾಕುವ ಜಾಗವೇ ಬೇರೆ.

ದಿನದ ಕೆಲಸದ ಶಕ್ತಿಗೆ ಎಚ್‌ಎಕ್ಯೂ ಎಂಬ ಪ್ರಶ್ನಾವಳಿ ಬಳಸುತ್ತಾರೆ. ಸ್ಟ್ಯಾನ್‌ಫರ್ಡ್‌ನ ಮೂಲ ಪ್ರಶ್ನಾವಳಿಯಲ್ಲಿ 20 ಪ್ರಶ್ನೆಗಳಿವೆ, ಅದರಲ್ಲಿ ಬಾತ್‌ಟಬ್ ಸ್ನಾನವೂ ಒಂದು. ನಮ್ಮ ಓಪಿಡಿಗೆ ಭಾರತೀಯ ರೂಪವೇ ಸರಿ. ಅದರ 12 ಪ್ರಶ್ನೆಗಳಲ್ಲಿ ಕುಕ್ಕರಗಾಲಲ್ಲಿ ಕೂರುವುದು, ಆಟೋ ಹತ್ತಿ ಇಳಿಯುವುದು, ಮೂರು ಕಿಲೋಮೀಟರ್ ನಡೆಯುವುದು ಇವೆ. ಪರೀಕ್ಷೆಗೊಳಪಟ್ಟ ಕನ್ನಡ ಅನುವಾದ ಸಿಕ್ಕರೆ ಅನುಮತಿ ಪಡೆದು ಅದನ್ನೇ ಬಳಸಿ. ಇಲ್ಲದಿದ್ದರೆ ಒಬ್ಬರು ಕನ್ನಡಕ್ಕೆ ತರಲಿ, ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತರಲಿ, ಎರಡನ್ನೂ ಹೋಲಿಸಿದ ಮೇಲೆ ಕೆಲವು ರೋಗಿಗಳಿಗೆ ಓದಿ ಹೇಳಿ ಅವರಿಗೆ ಏನರ್ಥವಾಯಿತು ಎಂದು ಕೇಳಿ. ಓದಲು ಬಾರದವರಿಗೆ ಸಿಬ್ಬಂದಿಯೊಬ್ಬರು ಪ್ರಶ್ನೆಯನ್ನು ಇದ್ದ ಹಾಗೇ ಓದಲಿ. ಜೊತೆಗೆ ಬಂದ ಮಗ ‘ಅಮ್ಮಂಗೆ ಈಗ ಆರಾಮ’ ಅಂದರೆ ಬರೆದುಕೊಳ್ಳಬೇಡಿ, ಅಮ್ಮನನ್ನೇ ಕೇಳಿ. ಅವರು ಯೋಚಿಸಲು ಹೊತ್ತು ತೆಗೆದುಕೊಂಡರೆ ಕಾಯಿರಿ.

ಎಥಿಕ್ಸ್ ಕಮಿಟಿ ಒಪ್ಪಿದ ಮೇಲೆ, ಮೊದಲ ರೋಗಿಯನ್ನು ಸೇರಿಸುವ ಮುಂಚೆ, ಭಾರತದ ಟ್ರಯಲ್‌ಗಳ ನೋಂದಣಿ ತಾಣವಾದ ಸಿಟಿಆರ್‌ಐನಲ್ಲಿ ಇದೇ ಅಳತೆಗಳನ್ನು ಇದೇ ವಾರಗಳ ಸಮೇತ ನೋಂದಾಯಿಸಿ. ಕೊನೆಗೆ ಎರಡು ಅಳತೆಗಳಲ್ಲಿ ಮಾತ್ರ ಗುಂಪುಗಳ ನಡುವೆ ವ್ಯತ್ಯಾಸ ಕಂಡರೂ ಎಲ್ಲವನ್ನೂ ಒಂದೇ ಟೇಬಲ್‌ನಲ್ಲಿ ಹಾಕಿ; ಎಷ್ಟು ಜನರ ಅಳತೆ ಸಿಗಲಿಲ್ಲ ಎಂಬುದಕ್ಕೂ ಅಲ್ಲೇ ಒಂದು ಕಾಲಂ ಇರಲಿ.