ಅಡಿಕೆ ಮಂಡಿಯ 22 ಕ್ಯಾಮೆರಾಗೆ ಐಪಿ ಕೊಟ್ಟಿದ್ದು

ಸಾಗರದ ಒಂದು ಅಡಿಕೆ ಮಂಡಿ. 22 ಕ್ಯಾಮೆರಾ, ಒಂದು ಎನ್‌ವಿಆರ್ (ಕ್ಯಾಮೆರಾ ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ), ಎರಡು ಬಿಲ್ ಪ್ರಿಂಟರ್, ತೂಕದ ಕಂಪ್ಯೂಟರ್. ಒಂದೊಂದಕ್ಕೂ ನೆಟ್‌ವರ್ಕಿನಲ್ಲಿ ಅದರದೇ ಒಂದು ನಂಬರ್ ಬೇಕು, ಅದೇ ಐಪಿ. "ಎಲ್ಲದಕ್ಕೂ ಸ್ಟ್ಯಾಟಿಕ್ ಹಾಕಿಬಿಡು ಮಾರಾಯ, ಡಿಎಚ್‌ಸಿಪಿ ನಂಬಿದರೆ ಕೆಟ್ಟೆ" ಅಂತ ನಮ್ಮ ಲೈನಿನವರೆಲ್ಲ ಹೇಳಿದ್ದರು. ಸ್ಟ್ಯಾಟಿಕ್ ಅಂದರೆ ಸಾಧನದೊಳಗೇ ನಂಬರ್ ಬರೆದಿಡುವುದು, ಡಿಎಚ್‌ಸಿಪಿ ಅಂದರೆ ಕೇಳಿದವರಿಗೆ ರೌಟರೇ ನಂಬರ್ ಹಂಚುವುದು. ಎರಡು ವರ್ಷವಾಯಿತು, ರೌಟರಿನಲ್ಲಿ ಒಂದೊಂದು ಸಾಧನಕ್ಕೆ ಒಂದೊಂದು ನಂಬರ್ ಕಾದಿರಿಸಿದ ನನ್ನ ರಿಸರ್ವೇಶನ್ ಅಲ್ಲಾಡಿಲ್ಲ.

ಮೊದಲು ನಾನೂ ಸ್ಟ್ಯಾಟಿಕ್ಕೇ ಮಾಡಿದ್ದು. ಪೆಟ್ಟಿಗೆಯಿಂದ ತೆಗೆದರೆ ಎಲ್ಲ ಕ್ಯಾಮೆರಾದ್ದೂ 192.168.1.108. ಒಂದೊಂದನ್ನೇ ಲ್ಯಾಪ್‌ಟಾಪಿಗೆ ಸಿಕ್ಕಿಸಿ ನಂಬರ್ ಬದಲಿಸುವುದರಲ್ಲೇ ಒಂದೂವರೆ ದಿನ ಹೋಯಿತು. ಮೂರನೇ ತಿಂಗಳಿಗೆ ಗೇಟಿನ ಚಿತ್ರ ಬಂದು ಬಂದು ಹೋಗತೊಡಗಿತು. ಕೇಬಲ್ ಬದಲಿಸಿದೆ, ಮತ್ತೆ ಕ್ರಿಂಪ್ ಮಾಡಿದೆ, ಕೊನೆಗೆ ಕ್ಯಾಮೆರಾವನ್ನೇ ಬದಲಿಸಿದೆ. ಸುಮಾರು ನಾಲ್ಕು ಸಾವಿರ ಕೈಯಿಂದ ಹೋಯಿತು. ಯಾವ ಐಪಿ ಯಾವ ಮ್ಯಾಕ್‌ನದು (ಮ್ಯಾಕ್ ಅಂದರೆ ಸಾಧನದ ಹುಟ್ಟು ನಂಬರ್) ಅಂತ ತೋರಿಸುವ ಎಆರ್‌ಪಿ ಪಟ್ಟಿ ತೆಗೆದಾಗ ಕಂಡಿತು: ಗೇಟಿನ ಕ್ಯಾಮೆರಾದ .50ಕ್ಕೆ ಒಮ್ಮೆ ಒಂದು ಮ್ಯಾಕ್, ಇನ್ನೊಮ್ಮೆ ಮತ್ತೊಂದು. ಪ್ರಿಂಟರ್ ಹಾಕಲು ಬಂದವರು ಪಿಂಗ್ ಮಾಡಿ (ಆ ನಂಬರನ್ನು ಕರೆದು ನೋಡಿ), ಉತ್ತರ ಬರದ್ದಕ್ಕೆ ಖಾಲಿ ಇದೆ ಅಂತ ಅದನ್ನೇ ಕೊಟ್ಟಿದ್ದರು. ಆ ಹೊತ್ತಿಗೆ ಗೇಟಿನ ಕಡೆ ಕರೆಂಟೇ ಇರಲಿಲ್ಲ.

ಐದಾರು ಸಾವಿರ ಹಾಕಿ ಮೈಕ್ರೋಟಿಕ್ ರೌಟರ್ ತಂದೆ. ಬಂದು ಹೋಗುವವರಿಗೆ .150ರಿಂದ .199. ಕ್ಯಾಮೆರಾ, ಪ್ರಿಂಟರ್ ಎಲ್ಲಕ್ಕೂ ಅದರ ಕೆಳಗೆ, ಮ್ಯಾಕ್‌ಗೆ ಕಟ್ಟಿದ ನಂಬರ್: ಗೋದಾಮು ಹತ್ತರಿಂದ, ಅಂಗಳ ಮೂವತ್ತರಿಂದ, ಗೇಟು ಐವತ್ತರಿಂದ. ಎನ್‌ವಿಆರ್ ಒಂದಕ್ಕೆ ಮಾತ್ರ ಸ್ಟ್ಯಾಟಿಕ್. ಏಣಿ ಹತ್ತುವ ಮೊದಲೇ ಕ್ಯಾಮೆರಾದ ಮ್ಯಾಕ್ ಇರುವ ಸ್ಟಿಕ್ಕರ್ ಫೋಟೋ ತೆಗೆದುಕೊಳ್ಳಿ, ಆಮೇಲೆ ಪರದಾಡಬೇಕಾಗುತ್ತದೆ.

ಮೊದಲ ಮಳೆಗೇ ಪೆಟ್ಟು ಬಿತ್ತು. ಕರೆಂಟ್ ಹೋಗಿ ಬಂದಾಗ ರೌಟರ್‌ಗಿಂತ ಮೊದಲು ಕ್ಯಾಮೆರಾಗಳು ಎದ್ದವು. ಐಪಿ ಕೇಳಿದರೆ ಕೊಡುವವರಿಲ್ಲ. ಏಳೆಂಟು ಕ್ಯಾಮೆರಾ ಪುನಃ ಪೆಟ್ಟಿಗೆಯಿಂದ ಬಂದಾಗಿನ .108ಕ್ಕೇ ಹೋಗಿ ಕೂತು ಒಂದಕ್ಕೊಂದು ಬಡಿದಾಡಿದವು. "ಹೇಳಿರಲಿಲ್ವಾ?" ಅಂದರು ಎಲ್ಲರೂ. ರೌಟರ್‌ಗೆ ಎರಡೂವರೆ ಸಾವಿರದ ಯುಪಿಎಸ್ ಹಾಕಿದೆ, ಕ್ಯಾಮೆರಾಗಳಿಗೆ ಕೇಬಲ್‌ನಲ್ಲೇ ಕರೆಂಟ್ ಕೊಡುವ ಪಿಒಇ ಸ್ವಿಚ್ ಎರಡು ನಿಮಿಷ ತಡವಾಗಿ ಏಳುವಂತೆ ಮಾಡಿದೆ. ಆ ತಡ ಹೇಗೆ ಅನ್ನುವುದು ನನ್ನ ಹತ್ತಿರವೇ ಇರಲಿ.

ನಡುವೆ ಯಜಮಾನರ ಫೋನಿಗೂ ನಂಬರ್ ಕಟ್ಟಲು ಹೋದೆ, ನಿಲ್ಲಲಿಲ್ಲ. ಈಗಿನ ಫೋನುಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ತೋರಿಸುವುದಿಲ್ಲ. ಆ ವೈಫೈನ ಸೆಟ್ಟಿಂಗ್‌ನಲ್ಲಿ ಹೀಗೆ ಮ್ಯಾಕ್ ಮರೆಮಾಡುವುದನ್ನು ಆಫ್ ಮಾಡಿದ ಮೇಲೆ ಸರಿಯಾಯಿತು.

ಕಳೆದ ಮೇ ತಿಂಗಳಲ್ಲಿ ಸಿಡಿಲು ಹೊಡೆದು ರೌಟರ್ ಸುಟ್ಟಿತು. ರೌಟರ್ ಹೋದರೆ ಎಲ್ಲ ನಂಬರೂ ಹೋಯಿತು ಅಂತ ಎಲ್ಲರೂ ಹೆದರಿಸಿದ್ದು ಇದಕ್ಕೇ. ಅದೇ ಮಾದರಿಯ ಹೊಸದು ತಂದೆ. ಬ್ಯಾಕಪ್ ಫೈಲ್ ಮುಟ್ಟಲಿಲ್ಲ, ಅದು ಹಳೇ ಪೆಟ್ಟಿಗೆಯ ಮ್ಯಾಕನ್ನೂ ಎಳೆದು ತರುತ್ತದೆ. ಪೆನ್‌ಡ್ರೈವಿನಲ್ಲಿದ್ದ, ಸೆಟ್ಟಿಂಗ್‌ಗಳನ್ನು ಅಕ್ಷರದಲ್ಲಿ ಬರೆದಿಟ್ಟ ಎಕ್ಸ್‌ಪೋರ್ಟ್ ಫೈಲನ್ನು ಹಾಕಿದೆ. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಟೆಂಡರ್ ಶುರುವಾಗುವ ಹೊತ್ತಿಗೆ 22 ಚಿತ್ರವೂ ಪರದೆ ಮೇಲಿದ್ದವು.