ವಾರಕ್ಕೊಮ್ಮೆ ದುಂಬಿ ಎತ್ತಿದ್ದಕ್ಕೆ ಮೀಲ್‌ವರ್ಮ್ ಕೈಹಿಡಿಯಿತು: ನನ್ನ ಅನುಭವ

ನಾನು ಸಾಕುವುದು ಮೀಲ್‌ವರ್ಮ್, ಅಂದರೆ ಒಂದು ಬಗೆಯ ದುಂಬಿಯ ಮರಿಹುಳು; ಒಣಗಿಸಿ ಜನ ತಿನ್ನಲು ಮಾರುತ್ತೇನೆ. ಮೊಟ್ಟೆಯಿಡುವ ದುಂಬಿಗಳನ್ನು ವಾರಕ್ಕೊಮ್ಮೆ ಹೊಸ ಟ್ರೇಗೆ ಎತ್ತಿಹಾಕುವುದು ಕೂಲಿಯ ದಂಡ ಎಂದು ಹೇಳದ ಸಾಕಣೆಗಾರರನ್ನು ನಾನು ಕಂಡಿಲ್ಲ. ದುಂಬಿ ಇದ್ದಲ್ಲೇ ಇರಲಿ, ಹುಳು ದಪ್ಪವಾದ ಹಾಗೆ ಜರಡಿ ಹಿಡಿದರಾಯಿತು ಎನ್ನುವುದು ಎಲ್ಲರ ವಾದ. ಕೋಳಿಗೋ ಮೀನಿಗೋ ಹಾಕುವ ಹುಳುವಾದರೆ ಆ ವಾದಕ್ಕೆ ನನ್ನ ತಕರಾರಿಲ್ಲ. ಮನುಷ್ಯರು ತಿನ್ನುವ ಹುಳುವಿಗೆ ಅದು ನಡೆಯುವುದಿಲ್ಲ. ಅಂದು ನಕ್ಕವರಲ್ಲಿ ಕೆಲವರು ಈಗ ನನ್ನಿಂದಲೇ ಬೀಜದ ದುಂಬಿ ಒಯ್ಯುತ್ತಾರೆ ಎಂಬುದನ್ನೂ ಇಲ್ಲಿ ಬರೆದಿಡುತ್ತೇನೆ.

ದುಂಬಿ ಇದ್ದಲ್ಲೇ ಇದ್ದರೆ ಒಂದೇ ಟ್ರೇಯಲ್ಲಿ ಎಲ್ಲ ವಯಸ್ಸಿನ ಹುಳುಗಳು ಸೇರಿಕೊಳ್ಳುತ್ತವೆ. ಅಂಥ ಮಿಶ್ರ ವಯಸ್ಸಿನ ಟ್ರೇಯ ಕಷ್ಟ ಕೊಯ್ಲಿನ ದಿನ ಗೊತ್ತಾಗುತ್ತದೆ. ಹೊಟ್ಟೆ ಖಾಲಿಯಾಗಲೆಂದು ಒಂದೆರಡು ದಿನ ಮೇವು ನಿಲ್ಲಿಸಿದರೆ, ಹಸಿದ ಹುಳುಗಳು ಮೊದಲು ಅಲ್ಲೇ ಬಿದ್ದಿರುವ ಪ್ಯೂಪಾಗಳನ್ನು, ಅಂದರೆ ದುಂಬಿಯಾಗಲು ಕಾಯುತ್ತಿರುವ ಕೋಶಗಳನ್ನು, ಕಡಿದುಹಾಕುತ್ತವೆ. ಒಣಗಿಸುವಾಗ ಸಣ್ಣವು ಸೀದುಹೋಗುತ್ತವೆ, ದೊಡ್ಡವುಗಳ ಒಡಲಲ್ಲಿ ಪಸೆ ಉಳಿಯುತ್ತದೆ. ಪಸೆ ಉಳಿದ ಚೀಲ ಬೂಷ್ಟು ಹಿಡಿದು ವಾಪಸು ಬರುತ್ತದೆ. ಮೊದಲ ವರ್ಷ ನನಗೆ ಹಾಗೆ ವಾಪಸು ಬಂದದ್ದು ಸುಮಾರು ಮೂರನೇ ಒಂದು ಪಾಲು. ಸಾಗಾಣಿಕೆಯ ಖರ್ಚು ಎರಡೂ ಕಡೆಯಿಂದ ನನ್ನ ತಲೆಗೇ ಬಂತು.

ಹಣದ ಲೆಕ್ಕದಲ್ಲಿ ಹೊಸಬರು ಮುಗ್ಗರಿಸುವುದು ತೂಕದಲ್ಲಿ. ಒಂದು ಕಿಲೋ ಜೀವಂತ ಹುಳುವಿಗೆ ಹೆಚ್ಚುಕಡಿಮೆ ಎರಡು ಕಿಲೋ ಬೂಸಾ ಬೇಕು. ಮೂರು ಕಿಲೋ ಹುಳು ಒಣಗಿದರೆ ಒಂದು ಕಿಲೋ. ಅಂದರೆ ಮಾರುವ ಪ್ರತಿ ಕಿಲೋ ಒಣಹುಳುವಿನ ಹಿಂದೆ ಆರು ಕಿಲೋ ಬೂಸಾ ಇದೆ, ಕ್ಯಾರೆಟ್ ಬೇರೆ. ಜೀವಂತ ತೂಕಕ್ಕೆ ಲೆಕ್ಕ ಹಾಕಿ ಒಣತೂಕಕ್ಕೆ ಬೆಲೆ ಒಪ್ಪಿಕೊಂಡವರು ವರ್ಷದೊಳಗೆ ಟ್ರೇಗಳನ್ನು ಮಾರುತ್ತಾರೆ.

ಈಗ ನಾನು ಮಾಡುವುದು ಇಷ್ಟು. ದುಂಬಿಯ ಟ್ರೇಗೆ ಹಿಟ್ಟಿನಷ್ಟು ನುಣ್ಣಗೆ ಬೀಸಿದ ಗೋಧಿ ಬೂಸಾ. ಏಳನೆಯ ದಿನ ಜರಡಿಯಲ್ಲಿ ಆಡಿಸಿದರೆ ದುಂಬಿ ಮೇಲುಳಿಯುತ್ತದೆ, ಬೂಸಾಕ್ಕೆ ಅಂಟಿದ ಮೊಟ್ಟೆ ಕೆಳಗಿಳಿಯುತ್ತದೆ. ಬೂಸಾ ತರಿತರಿಯಾಗಿದ್ದರೆ ಮೊಟ್ಟೆಯೂ ದುಂಬಿಯ ಜೊತೆಗೇ ಹೋಗಿ ಅದರ ಬಾಯಿಗೇ ಬೀಳುತ್ತದೆ. ಇಳಿದದ್ದಕ್ಕೆ ತಾರೀಕು ಬರೆದು ಇಟ್ಟರೆ ಮೂರು ವಾರ ಅತ್ತ ನೋಡುವುದೂ ಇಲ್ಲ. ಕಣ್ಣಿಗೆ ಕಾಣದ ಮರಿಗಳನ್ನು ಕೆದಕಿ ನೋಡುವವರು ಅರ್ಧ ಮರಿಗಳನ್ನು ಕೊಲ್ಲುತ್ತಾರೆ. ಇಪ್ಪತ್ತೆಂಟು ಡಿಗ್ರಿಯ ಆಸುಪಾಸಿನಲ್ಲಿ ಹತ್ತು ಹನ್ನೊಂದು ವಾರಕ್ಕೆ ಟ್ರೇಯಲ್ಲಿ ಮೊದಲ ಒಂದೆರಡು ಪ್ಯೂಪಾ ಕಾಣಿಸುತ್ತವೆ. ಅದೇ ಕೊಯ್ಲಿನ ಗಂಟೆ. ಎರಡು ತಿಂಗಳಾದ ದುಂಬಿಯನ್ನು ಮಮತೆಯಿಂದ ಇಟ್ಟುಕೊಳ್ಳಬೇಡಿ, ಮೊಟ್ಟೆ ಇಳಿಮುಖವಾಗಿರುತ್ತದೆ. ದುಂಬಿಯ ಮೇವಿಗೆ ಯೀಸ್ಟ್ ಬೆರೆಸುವುದು ಎಲ್ಲರಿಗೂ ಗೊತ್ತು. ನಾನು ಅದರ ಜೊತೆ ಇನ್ನೊಂದನ್ನು ಬೆರೆಸುತ್ತೇನೆ. ಅದು ನನ್ನಲ್ಲೇ ಇರಲಿ.

ಬಿಸಿಯ ವಿಷಯದಲ್ಲಿ ಕೋಣೆಯ ಥರ್ಮಾಮೀಟರ್ ನಂಬಬಾರದು. ದೊಡ್ಡ ಹುಳುಗಳು ಒತ್ತಾಗಿದ್ದಾಗ ತಮ್ಮ ಮೈಬಿಸಿಯಿಂದಲೇ ಬೇಯುತ್ತವೆ. ಗೋಡೆಯ ಮೇಲೆ ಇಪ್ಪತ್ತೇಳು ತೋರಿಸುತ್ತಿದ್ದಾಗ ಟ್ರೇಯ ನಡುವೆ ಮೂವತ್ತೈದು ದಾಟಿರುತ್ತದೆ. ಒಂದು ಬೇಸಿಗೆಯಲ್ಲಿ ಇಡೀ ಸಾಲಿನ ಟ್ರೇಗಳು ರಾತ್ರೋರಾತ್ರಿ ಕಪ್ಪಾಗಿ ನಾರಿದವು. ಆಮೇಲೆ ಕೊನೆಯ ವಾರಗಳಲ್ಲಿ ಪದರ ಎರಡು ಬೆರಳಿಗಿಂತ ದಪ್ಪವಾಗಲು ಬಿಟ್ಟಿಲ್ಲ. ಅದೇ ಬಿಸಿಯನ್ನು ದುಡಿಸಿಕೊಳ್ಳಲೂಬಹುದು: ದೊಡ್ಡ ಹುಳುಗಳ ಟ್ರೇ ಕೆಳಗಿನ ಅಂಕಣಕ್ಕೆ, ಮೊಟ್ಟೆಯ ಟ್ರೇ ಮೇಲಿನದಕ್ಕೆ. ಚಳಿಗಾಲದ ಹೀಟರ್ ಖರ್ಚು ಅರ್ಧಕ್ಕೂ ಕೆಳಗಿಳಿಯಿತು. ಈ ಉಪಾಯಕ್ಕೂ ಜನ ಮೊದಮೊದಲು ನಕ್ಕರು, ಈಗ ನಗುವುದಿಲ್ಲ.

ನುಸಿ ಬಂದ ಟ್ರೇಗೆ ಔಷಧಿಯಿಲ್ಲ. ಅಂಚಿನ ಮೇಲೆ ಧೂಳು ಹರಿದಾಡಿದಂತೆ ಕಂಡರೆ ಟ್ರೇಯನ್ನು ಹಾಗೇ ಫ್ರೀಜರಿಗೆ ತಳ್ಳಿ ಆಮೇಲೆ ಎಸೆಯಿರಿ. ಗಾಳಿಯ ತೇವ ಎಪ್ಪತ್ತು ಶೇಕಡಾ ಮೀರಿದರೆ ಅದು ಬಂದೇ ಬರುತ್ತದೆ. ಕ್ಯಾರೆಟ್ ಒಂದು ದಿನದಲ್ಲಿ ಮುಗಿಯುವಷ್ಟೇ ಹಾಕಬೇಕು. ಹೊಸ ಬೂಸಾದ ಚೀಲ ಬಂದರೆ ಒಂದು ಹಿಡಿಯಲ್ಲಿ ಎಳೆಯ ಹುಳು ಬಿಟ್ಟು ವಾರ ಕಾಯುತ್ತೇನೆ. ಗೋದಾಮಿನಲ್ಲಿ ಕೀಟನಾಶಕ ಹೊಡೆದ ಬೂಸಾ ನೋಟದಲ್ಲಿ ಏನೂ ಹೇಳುವುದಿಲ್ಲ.

ನಡುವೆ ಅಡ್ಡದಾರಿಗಳೂ ಇದ್ದವು. ಮಿಡತೆಯಂಥ ಕ್ರಿಕೆಟ್ ಹುಳುವಿಗೆ ಕೈ ಹಾಕಿದೆ. ಸದ್ದು, ಜಿಗಿತ, ಅದರ ಮೇಲೆ ವೈರಸ್ ಭಯ. ಕ್ರಿಕೆಟ್ ಹುಳುಗಳನ್ನು ಕೊಲ್ಲುವ ಡೆನ್ಸೊವೈರಸ್ ಎಂಬುದು 2002ರಲ್ಲಿ ಯುರೋಪಿನ, 2009-10ರಲ್ಲಿ ಅಮೆರಿಕದ ಕ್ರಿಕೆಟ್ ಸಾಕಣೆಗಳನ್ನೇ ಬರಿದು ಮಾಡಿತ್ತು. ನನಗೆ ಅಷ್ಟು ಎದೆಗಾರಿಕೆಯಿಲ್ಲ. ಮೀಲ್‌ವರ್ಮ್‌ನ ದೊಡ್ಡ ಬಂಧುವಾದ ಸೂಪರ್‌ವರ್ಮ್ ಗುಂಪಿನಲ್ಲಿದ್ದರೆ ಪ್ಯೂಪಾ ಆಗುವುದೇ ಇಲ್ಲ, ಒಂದೊಂದನ್ನೂ ಪ್ರತ್ಯೇಕ ಡಬ್ಬಿಯಲ್ಲಿಡಬೇಕು, ಪುರುಸೊತ್ತಿರುವವರು ಮಾಡಲಿ. ಥರ್ಮೋಕೋಲ್ ತಿನ್ನುತ್ತವೆ ಎಂದು ಕೇಳಿ ಅದನ್ನೂ ಹಾಕಿ ನೋಡಿದೆ. ತೂತು ಕೊರೆದವು, ಮೈ ತುಂಬಲಿಲ್ಲ. ಆ ಹುಳುಗಳನ್ನು ಮಾರಾಟಕ್ಕೆ ಸೇರಿಸಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಕೊಯ್ಲಾದ ಹುಳುವನ್ನು ಹಸಿಯಾಗಿ ರುಬ್ಬಿದರೆ ಕಣ್ಣೆದುರೇ ಕಪ್ಪಾಗುತ್ತದೆ. ಮೊದಲು ಕುದಿಯುವ ನೀರಿನಲ್ಲಿ ಮೂರರಿಂದ ಐದು ನಿಮಿಷ, ಆಮೇಲೆ ತಡಮಾಡದೆ ಒಣಗಿಸುವುದು. ಕುದಿಸಿದರೂ ಕೆಲವು ಬ್ಯಾಕ್ಟೀರಿಯಾದ ಬೀಜಕಣಗಳು ಸಾಯುವುದಿಲ್ಲ. ಒದ್ದೆಯಾಗಿ ರಾತ್ರಿಯಿಡೀ ಬಿಟ್ಟರೆ ಅವು ಎದ್ದುಬಿಡುತ್ತವೆ. ಬೆರಳಲ್ಲಿ ಹಿಡಿದರೆ ಟಪ್ಪೆಂದು ಮುರಿಯಬೇಕು, ಬಾಗಬಾರದು. ಒಣತೂಕದಲ್ಲಿ ಕಾಲುಭಾಗಕ್ಕೂ ಹೆಚ್ಚು ಕೊಬ್ಬೇ ಇರುವುದರಿಂದ ಗಾಳಿ, ಬೆಳಕು ತಾಗಿದರೆ ಕಮಟು ಬರುತ್ತದೆ. ಸೀಗಡಿ ಒಗ್ಗದವರಿಗೆ ಇದೂ ಒಗ್ಗದಿರಬಹುದು ಎಂದು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಹಾಕಿಸಿ. ಜರಡಿ ಹಿಡಿಯುವಾಗ ನೀವೂ ಮಾಸ್ಕ್ ಹಾಕಿಕೊಳ್ಳಿ. ಹಿಕ್ಕೆಯ ಧೂಳಿನಿಂದ ಉಬ್ಬಸ ಅಂಟಿಸಿಕೊಂಡು ಈ ಕೆಲಸವನ್ನೇ ಬಿಟ್ಟವರಿದ್ದಾರೆ.

2021ರಲ್ಲಿ ಐರೋಪ್ಯ ಒಕ್ಕೂಟ ಒಣ ಮೀಲ್‌ವರ್ಮ್ ಅನ್ನು ಆಹಾರವಾಗಿ ಮಾರಲು ಒಪ್ಪಿಗೆ ಕೊಟ್ಟ ಮೇಲೆ ಕೊಳ್ಳುವವರ ಪ್ರಶ್ನೆಗಳು ಬದಲಾದವು. ಮೊದಲು ತಿನ್ನಬಹುದೇ ಎನ್ನುತ್ತಿದ್ದವರು ಈಗ ಯಾವ ವಾರದ್ದು, ಏನು ತಿನ್ನಿಸಿದಿರಿ ಎಂದು ಕೇಳುತ್ತಾರೆ. ತಾರೀಕು ಬರೆದ ಟ್ರೇ ಇರುವವನಿಗೆ ಅದಕ್ಕೆ ಉತ್ತರಿಸುವುದು ಸುಲಭ. ವಾರದ ಕೆಲಸದಿಂದ ಕೂಲಿ ಕಾಲುಭಾಗ ಹೆಚ್ಚಿದ್ದು ನಿಜ, ವಾಪಸಾತಿ ನಿಂತ ಮೇಲೆ ಅದನ್ನು ಕಳೆದೂ ಉಳಿಯುತ್ತಿದೆ. ಹಿಕ್ಕೆ ಗೊಬ್ಬರವಾಗಿ ಹೋಗಿ ಕ್ಯಾರೆಟ್ ಖರ್ಚನ್ನು ತೂಗಿಸುತ್ತದೆ. ಮುಂದೆ ಏಳು ದಿನದ ಬದಲು ಐದು ದಿನಕ್ಕೆ ದುಂಬಿ ಎತ್ತಿ ನೋಡುವ ಯೋಚನೆಯಿದೆ.